ಸವಿತಾಳ ಫಾರಂ ಮತ್ತು ನನ್ನ ಒಂಬತ್ತು ಒತ್ತು

ನನ್ನ ತಂಗಿ ಸವಿತಾ ಮೂರು ದಿನ ತಾನು ದಡ್ಡಿ ಎಂದು ನಂಬಿಕೊಂಡು ಓಡಾಡಿದಳು. ದಡ್ಡ ನಾನು ಎಂದು ಹೇಳಬೇಕಿತ್ತು, ಹೇಳಲಿಲ್ಲ. ಏಳನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು ನಾನು. ಅದು ನಮ್ಮೂರು ಕಟ್ಟೆಮಳಲವಾಡಿಗೆಲ್ಲ ಗೊತ್ತಿರುವುದರಿಂದ ಹೊಸದಾಗಿ ಹೋಗುವ ಮಾನವೇನೂ ಇರಲಿಲ್ಲ. ಆದರೂ ಬಾಯಿ ಬರಲಿಲ್ಲ.

ಅವಳು ಆಗ ಹುಣಸೂರಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದಳು. ಪೈಥಾನ್ ಎಂಬ ಭಾಷೆ ಕಲಿಯುತ್ತಿದ್ದಳು. ಪೈಥಾನ್ ಎಂದರೆ ಹೆಬ್ಬಾವು ಎಂದು ಯಾರೋ ಹೇಳಿದ ಮೇಲೆ ಅವ್ವ ಕಂಪ್ಯೂಟರ್ ಇರುವ ಕೋಣೆಯ ಕಸ ಗುಡಿಸುವುದನ್ನೇ ಬಿಟ್ಟಿದ್ದಳು. ನಮ್ಮದು ಹೊಗೆಸೊಪ್ಪಿನ ಸಸಿ ಬೆಳೆಸುವ ಮನೆ. ಸಸಿ ಬೇಕಾದವರು ಕಂಪ್ಯೂಟರಿನಲ್ಲೇ ಕೇಳುವಂತೆ ಸವಿತಾ ಒಂದು ವೆಬ್ ಪುಟ ಕಟ್ಟಿದ್ದಳು. ಸೋಮವಾರ ಮೇಷ್ಟ್ರಿಗೆ ಅದನ್ನು ತೋರಿಸಿ ಪಾಸಾಗಬೇಕು. ನನಗೆ ಅವಳಿಗಿಂತ ಹೆಚ್ಚು ಸಂಭ್ರಮ. ಒಳಗೆ ಏನು ನಡೆಯುತ್ತದೆ ಹೇಳು ಎಂದು ಪಕ್ಕದಲ್ಲೇ ಕೂತೆ.

"ಯಾರೋ ಬಾಗ್ಲಿಗೆ ಬಂದ್ರು ಅಂದ್ಕೊ ಅಣ್ಣ. ಸುಮ್ನೆ ನೋಡಕ್ಕೆ ಬಂದ್ರೆ ಅದು ಗೆಟ್, ಖಾಲಿ ಫಾರಂ ತೋರಿಸ್ತೀನಿ. ಹೆಸ್ರು, ಊರು, ಎಷ್ಟು ಸಸಿ ಅಂತ ತುಂಬ್ಕೊಂಡು ಬಂದ್ರೆ ಅದು ಪೋಸ್ಟ್, ಬರ್ಕೊಂಡು ಉತ್ತರ ಕೊಡ್ತೀನಿ. ಬಂದಿದ್ದು ಯಾವ್ದು ಅಂತ ಪ್ರೋಗ್ರಾಂ ಮೊದ್ಲು ನೋಡ್ತದೆ."

"ಇಲ್ದೇ ಇರೋ ಬಾಗ್ಲು ತಟ್ಟಿದ್ರೆ?"

"ನಾನೂರ ನಾಲ್ಕು, ಅಂದ್ರೆ ಅಂಥ ಬಾಗ್ಲೇ ಇಲ್ಲ ಅಂತ ಹೇಳಿ ವಾಪಸ್ ಕಳಿಸ್ತದೆ."

ನನಗೆ ಲೋಕವೇ ಅರ್ಥವಾದಂತಾಯಿತು. ಮಜ್ಜಿಗೆ ಕೇಳಲು ಪಾತ್ರೆ ಹಿಡಿದು ಬಂದ ಪುಟ್ಟಮ್ಮತ್ತೆ ಪೋಸ್ಟ್. ಏನೂ ಬೇಡದೆ ಜಗಲಿಯಲ್ಲಿ ಕೂತೆದ್ದು ಹೋಗುವ ಮಾವ ಗೆಟ್.

ಗುರುವಾರ ಅವಳು ಕಾಲೇಜಿಗೆ ಹೊರಡುವಾಗ, "ಒಂದ್ಸಲ ತುಂಬಿ ನೋಡಣ್ಣ" ಎಂದಳು. ಬಾಯಿಗೆ ಬಂದ ಒಂದು ಹೆಸರು ಹಿಡಿದು, ಕಂಪಲಾಪುರದ ನಂಜಪ್ಪ, ಐದು ಸಾವಿರ ಸಸಿ ಎಂದು ಒಂದೇ ಬೆರಳಲ್ಲಿ ತುಂಬಿ ಗುಂಡಿ ಒತ್ತಿದೆ. ನಮ್ಮದು ಹಳೆಯ ಕಂಪ್ಯೂಟರು, ಉತ್ತರ ಬೇಗ ಬರಲಿಲ್ಲ. ನಮ್ಮ ಕಡೆ ಸಸಿ ಬೇಕಾದವನು ಒಮ್ಮೆ ಕೇಳಿ ಸುಮ್ಮನಾಗುವುದಿಲ್ಲ. ಹಾಲಿನ ಡೈರಿ ಹತ್ತಿರ ಕೇಳುತ್ತಾನೆ, ಟೀ ಅಂಗಡಿಯಲ್ಲಿ ಕೇಳುತ್ತಾನೆ, ಆಮೇಲೆ ಮನೆಗೇ ಬಂದು ಕೇಳುತ್ತಾನೆ. ಆಗಲೇ ಅವನಿಗೆ ನಿಜವಾಗಿ ಬೇಕು ಎಂದು ನಾವು ನಂಬುವುದು. ಆದ್ದರಿಂದ ನಂಜಪ್ಪನ ಪರವಾಗಿ ನಾನು ವಿನಯದಿಂದ ಒಟ್ಟು ಒಂಬತ್ತು ಸಲ ಒತ್ತಿದೆ. ಕೊನೆಗೆ 'ನಿಮ್ಮ ಕೋರಿಕೆ ಬರೆದುಕೊಂಡಿದೆ' ಎಂದು ಬಂತು. ಕುಣಿದುಬಿಟ್ಟೆ.

ಸಂಜೆ ಸವಿತಾ ಪಟ್ಟಿ ತೆರೆದರೆ ಒಂಬತ್ತು ಜನ ನಂಜಪ್ಪಂದಿರು.

"ಎಷ್ಟ್ ಸಲ ತುಂಬ್ದೆ ಅಣ್ಣ?"

"ಒಂದೇ ಸಲ ಕಣವ್ವ" ಎಂದೆ. ಅದು ಸುಳ್ಳಲ್ಲ. ತುಂಬಿದ್ದು ಒಂದೇ ಸಲ. ಒತ್ತಿದ್ದನ್ನು ಅವಳು ಕೇಳಲಿಲ್ಲ.

ತಪ್ಪು ತನ್ನ ಪ್ರೋಗ್ರಾಮಿನಲ್ಲೇ ಇದೆ ಎಂದುಕೊಂಡು ಅವಳು ಅದನ್ನು ಸಾಲುಸಾಲಾಗಿ ಬಿಚ್ಚಿ ಕಟ್ಟಿದಳು, ಮತ್ತೆ ಬಿಚ್ಚಿದಳು. ಅವಳು ಒಮ್ಮೆ ಒತ್ತಿ ನೋಡಿದಾಗಲೆಲ್ಲ ಪಟ್ಟಿಯಲ್ಲಿ ಒಂದೇ ಸಾಲು ಬರುತ್ತಿತ್ತು, ಅದರಿಂದ ತಲೆ ಇನ್ನಷ್ಟು ಕೆಟ್ಟಿತು. ಭಾನುವಾರ ಬೆಳಿಗ್ಗೆ ಒಲೆ ಮುಂದೆ ಕಣ್ಣೊರೆಸಿಕೊಳ್ಳುತ್ತಾ, "ಬುಡವ್ವ, ನಂಗಿದು ಬರಲ್ಲ. ನಾಳೆ ಓಗಲ್ಲ ನಾನು" ಎಂದಳು. ನಾನು ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟು ಸವಿತಾಳ ಕಡೆ ತಿರುಗಿದೆ.

"ಒಂಬತ್ ಸಲ ಒತ್ದೆ ಕಣವ್ವ. ಒಂದೇ ಸಲ ಕೇಳಿದ್ರೆ ಚೆನ್ನಾಗಿರಲ್ಲ ಅಂತ."

ಬಯ್ಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಕಂಪ್ಯೂಟರಿಗೆ ಓಡಿದಳು. "ಸಸಿ ಕೇಳೋರೆಲ್ಲ ನಿನ್ನಂಗೇ ತಾನೆ ಒತ್ತೋದು. ಒಂದೊಂದು ಫಾರಂಗೂ ಒಂದೊಂದು ನಂಬರ್ ಕೊಡ್ತೀನಿ. ಅದೇ ನಂಬರ್ ತಿರ್ಗಾ ಬಂದ್ರೆ ಬರ್ಕೊಳ್ಳಲ್ಲ." ಮಧ್ಯಾಹ್ನದ ಹೊತ್ತಿಗೆ ನನ್ನನ್ನು ಕೂರಿಸಿ ಒತ್ತಿಸಿದಳು. ಇಪ್ಪತ್ತು ಸಲ ಒತ್ತಿದೆ. ನಂಜಪ್ಪ ಒಬ್ಬನೇ. ನನ್ನಿಂದಲೇ ಪ್ರೋಗ್ರಾಂ ಗಟ್ಟಿಯಾಯಿತು ನೋಡು ಎಂದು ಎದೆಯುಬ್ಬಿಸುವುದರಲ್ಲಿದ್ದೆ.

"ಒತ್ತಿದ್ದಿರ್ಲಿ" ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ. "ಮೂರು ದಿನ ಸುಮ್ನಿದ್ಯಲ್ಲ ಅಣ್ಣ."

ಇದಕ್ಕೆ ಒತ್ತುವ ಗುಂಡಿ ಯಾವುದೂ ಇರಲಿಲ್ಲ. ಬಾಯಲ್ಲೇ ಹೇಳಬೇಕಾಯಿತು.

"ಊರೋರಿಗೆ ನಾನು ಎಂಗಿದ್ರೂ ಸರಿ, ನಿಂಗಾದ್ರೂ ಬುದ್ಧಿವಂತ ಅಣ್ಣ ಆಗಿರ್ಬೇಕು ಅಂತಿತ್ತು. ಅದ್ಕೆ ನೀನು ಅಳೋದ್ನೂ ನೋಡ್ಕೊಂಡು ಕೂತಿದ್ದೆ. ತಪ್ಪಾಯ್ತು ಕಣವ್ವ."