ಸಾವ್ಕಾರ್ರು ಹಾರಿಸಿದ ವಿಮರ್ಶೆ

"ಒಂದು ಫಿಲ್ಮಿನ ಗುಣ ಎಷ್ಟು, ದೋಷ ಎಷ್ಟು ಅಂತ ತೂಗಿ ಹೇಳೋಕೆ ಎದೆ ಗಟ್ಟಿ ಇರ್ಬೇಕು ಕಣಯ್ಯಾ ಕುಟ್ಟಪ್ಪ. ಪುಕ್ಕಲರ ಕೆಲಸ ಅಲ್ಲ ಅದು. ಈವತ್ತು ರಾತ್ರಿ ನೋಡ್ತೀನಿ, ನಾಳೆ ಬೆಳಿಗ್ಗೆ ಇದೇ ಬೆಂಚಿನ ಮೇಲೆ ತೀರ್ಪು ಕೊಡ್ತೀನಿ" ಎಂದು ಮರುಳಸಿದ್ದಪ್ಪನವರು ಬೆಲ್ಲದ ಅಚ್ಚನ್ನು ತಕ್ಕಡಿಗೆ ಹಾಕುತ್ತ ಘೋಷಿಸಿದರು.

ಶನಿವಾರಸಂತೆ ಕಡೆಯಿಂದ ಬಂದು ನಾಪೋಕ್ಲು ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಈ ಸಾವ್ಕಾರ್ರು ಊರಿಗೆಲ್ಲ ಸಿನಿಮಾ ಪಂಡಿತರು. ಆಗ ಕೊಡಗು ತನ್ನ ಪಾಡಿಗೆ ತಾನು ಒಂದು ಪುಟ್ಟ ರಾಜ್ಯ. ಇಡೀ ರಾಜ್ಯಕ್ಕೆ ಇದ್ದದ್ದು ಇಬ್ಬರೇ ಮಂತ್ರಿಗಳು, ಮೂರನೆಯವರು ತಾವೇ ಅನ್ನುವ ಗತ್ತು ಇವರದು. ಟೂರಿಂಗ್ ಟಾಕೀಸಿನವರು ಗದ್ದೆಯಲ್ಲಿ ಟೆಂಟು ಹೊಡೆದರೆ ಸಾಕು, ಇವರು ಹೇಳಿದ ಮೇಲೇ ಪೇಟೆಯ ಜನ ಟಿಕೆಟ್ಟಿಗೆ ಕೈ ಹಾಕುತ್ತಿದ್ದರು.

ಈ ಸಲದ ಫಿಲ್ಮು 'ಕೆಂಪು ಗವಸಿನ ವೀರ'. ವಾರಪತ್ರಿಕೆಯೊಂದರಲ್ಲಿ ಚಿತ್ರ ಬಿಡಿಸಿದ ಕಥೆಯಾಗಿ ಬಂದು ಮಕ್ಕಳು ಮುದುಕರೆನ್ನದೆ ಎಲ್ಲರೂ ಬಾಯಿ ಬಿಟ್ಟುಕೊಂಡು ಓದಿದ ಕಥೆ ಅದು. ಮರುಳಸಿದ್ದಪ್ಪನವರೂ ಓದಿದ್ದರು. ಆದರೆ ಅವರ ಅಂಗಡಿಗೆ ಆ ಪತ್ರಿಕೆ ಬರುತ್ತಿದ್ದದ್ದು ಪೊಟ್ಟಣ ಕಟ್ಟುವ ರದ್ದಿಯಲ್ಲಿ. ಹಾಗಾಗಿ ವೀರ ಸತ್ತದ್ದನ್ನು ಮೆಣಸಿನ ಪೊಟ್ಟಣದಲ್ಲಿ ಓದಿ, ಹುಟ್ಟಿದ್ದನ್ನು ಆರು ತಿಂಗಳ ಮೇಲೆ ಉದ್ದಿನಬೇಳೆಯ ಪೊಟ್ಟಣದಲ್ಲಿ ಓದಿದ್ದರು. ಅದರಿಂದ ಅವರ ಪಾಂಡಿತ್ಯಕ್ಕೇನೂ ಕುಂದು ಬಂದಿರಲಿಲ್ಲ.

ಆ ಫಿಲ್ಮಿನ ತುಂಬ ಢಂ ಢಂ ಗುಂಡು ಅಂತ ಟೆಂಟಿನ ಮಾಲೀಕ ಬೆಳಿಗ್ಗೆಯೇ ಸುತ್ತಲಿನ ಮನೆಗಳಿಗೆಲ್ಲ ಡಂಗುರ ಹೊಡೆಸಿದ್ದ. "ಈವತ್ತು ರಾತ್ರಿ ಟೆಂಟಿನಿಂದ ಬರೋ ಕೋವಿ ಸದ್ದು ಲೆಕ್ಕಕ್ಕಿಲ್ಲ, ಯಾರೂ ಎದ್ದು ಬರಬೇಡಿ." ಈ ಸೀಮೆಯಲ್ಲಿ ಹಾಗೆ ಹೇಳಲೇಬೇಕು. ಒಂದು ಗುಂಡು ಹಾರಿದರೆ ಆ ಮನೆಯಲ್ಲಿ ಗಂಡು ಮಗು ಹುಟ್ಟಿದೆ ಅಂತ. ಎರಡು ಹಾರಿದರೆ ಸಾವು. ಕೇಳಿದವರು ಮಾಡುವ ಕೆಲಸ ಬಿಟ್ಟು ಹೊರಟು ಬರಬೇಕು. ಹೆಣ್ಣು ಮಗುವಾದರೆ ಕೋವಿ ಇಲ್ಲ, ಕಂಚಿನ ತಟ್ಟೆ ಬಡಿಯುತ್ತಾರೆ.

ಆ ದಿನಗಳಲ್ಲಿ ಮರುಳಸಿದ್ದಪ್ಪನವರ ಮನೆಯಲ್ಲೂ ಒಂದು ಕೋವಿ ಬಂದು ಕೂತಿತ್ತು. ಮಗಳು ಶಿವಮ್ಮ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಅವಳ ಮಾವ ಜವರಪ್ಪ, ಗದ್ದೆಬಯಲಿನ ಆಚೆ ಗುಡ್ಡದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಮಾತು ಕಮ್ಮಿ, ಮೀಸೆ ಜಾಸ್ತಿ. "ಈ ನೀರು ಕುಡಿದ ಮೇಲೆ ಈ ನೀರಿನ ಪದ್ಧತಿ ಬೀಗರೆ. ಮೊಮ್ಮಗ ಹುಟ್ಟಿದ ಗಳಿಗೆ ನನಗೆ ಗುಡ್ಡದ ಮೇಲೆ ಕೇಳಿಸ್ಬೇಕು" ಎಂದು ಅಪ್ಪಣೆ ಮಾಡಿದ್ದರು. ಅದಕ್ಕೆಂದೇ ನೆರೆಮನೆಯ ನಾಣಯ್ಯ ತನ್ನ ಜೋಡುನಳಿಗೆ ಕೋವಿಗೆ ಗುಂಡಿಲ್ಲದ ಬರೀ ಮದ್ದಿನ ತೋಟಾ ತುಂಬಿ ತಂದು ಗೋಡೆಗೆ ನೇತುಹಾಕಿ, ಕಚೇರಿ ಕೆಲಸಕ್ಕೆ ಮಡಿಕೇರಿಗೆ ಹೋಗಿದ್ದ. "ಒಂದು ಸಿಡೀದೆ ಹೋದ್ರೆ ಇನ್ನೊಂದು ಇರ್ಲಿ ಅಂತ ಎರಡೂ ತುಂಬಿದ್ದೇನೆ. ನಾನು ಬರೋದ್ರೊಳಗೆ ಹೆರಿಗೆ ಆದ್ರೆ ಕುಟ್ಟಪ್ಪ ಹಾರಿಸ್ಲಿ. ನೀವು ಮಾತ್ರ ಮುಟ್ಟಬೇಡಿ ಸಾವ್ಕಾರ್ರೆ" ಎಂದು ಹೇಳಿಯೇ ಹೋಗಿದ್ದ.

ಸರಿ, ರಾತ್ರಿ ಗಂಡ ಹೆಂಡತಿ ಟೆಂಟಿಗೆ ಹೋದರು. ಶಿವಮ್ಮನ ಜೊತೆಗೆ ಸೂಲಗಿತ್ತಿ ಕಾಳಮ್ಮ ಬಂದು ಕೂತಿದ್ದಳು.

ಅಲ್ಲಿ ಏನಾಯಿತೆಂದು ಮರುಳಸಿದ್ದಪ್ಪನವರು ಯಾರಿಗೂ ಹೇಳಲಿಲ್ಲ. ನಾವು ಹೇಳೋಣ. ಮೊದಲನೆಯ ಗುಂಡು ಹಾರಿದಾಗಲೇ ಅವರ ಜೀವ ಬಾಯಿಗೆ ಬಂದಿತ್ತು. ಪೊಟ್ಟಣದಲ್ಲಿ ಓದುವಾಗ ಹೆಣ ಬಿದ್ದರೆ ಕಡಲೆ ಸುರಿದು ಮಡಿಚಿಬಿಡಬಹುದಿತ್ತು; ಇಲ್ಲಿ ಮಡಿಚೋದು ಹೇಗೆ? ಪತ್ರಿಕೆಯಲ್ಲಿ ವಾರಕ್ಕೊಬ್ಬ ಸಾಯುತ್ತಿದ್ದ, ಈ ಫಿಲ್ಮಿನ ಮಹಾನುಭಾವರು ಒಂದು ವರ್ಷದ ಹೆಣವನ್ನೆಲ್ಲ ಒಂದೇ ರಾತ್ರಿಗೆ ಕೆಡವುತ್ತಿದ್ದರು. ಖಳನಾಯಕ ಗರಗಸ ಕೈಗೆತ್ತಿಕೊಂಡನೋ ಇಲ್ಲವೋ, ಸಾವ್ಕಾರ್ರು ಹೊದ್ದಿದ್ದ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡರು. ಶುಭಂ ಬಿದ್ದು ಲೈಟು ಹತ್ತುವ ತನಕ ಹೊರಗೆ ಬರಲಿಲ್ಲ.

"ಚಳಿ" ಎಂದರು ಹೆಂಡತಿಗೆ.

"ಹೌದು ಪಾಪ, ಬೆವರು ಬೇರೆ ಸುರೀತಿದೆ" ಎಂದರು ಸರ್ವಮಂಗಳ.

ಬೆಳಿಗ್ಗೆ ಅಂಗಡಿಯ ಬೆಂಚಿನ ಮೇಲೆ ಐದಾರು ಜನ ತೀರ್ಪಿಗೆ ಕಾದಿದ್ದರು. ಅಂಚೆ ಹಂಚುವ ಕುಟ್ಟಪ್ಪ ಚೀಲ ಇಳಿಸಿ ಎಲ್ಲರಿಗಿಂತ ಮುಂದೆ ಕೂತಿದ್ದ. ಅವನೂ ಹಿಂದಿನ ರಾತ್ರಿ ಫಿಲ್ಮು ನೋಡಿದ್ದ, ಅದೇ ತೊಂದರೆ.

"ಮೊದಲು ಗುಣ" ಎಂದು ಮರುಳಸಿದ್ದಪ್ಪನವರು ಗಂಟಲು ಸರಿಮಾಡಿಕೊಂಡರು. "ಸದ್ದು ಚೆನ್ನಾಗಿದೆ. ಒಂದೊಂದು ಏಟೂ ಕಿವಿಗೆ ಬಂದು ಬೀಳುತ್ತೆ. ಕುದುರೆ ಓಟ ಬಹಳ ಚೆನ್ನಾಗಿ ಕೇಳುತ್ತೆ."

"ಕೇಳುತ್ತಾ?" ಎಂದ ಕುಟ್ಟಪ್ಪ.

"ಕಾಣುತ್ತೆ, ಕೇಳುತ್ತೆ, ಎರಡೂ. ಇನ್ನು ದೋಷ. ಕೆಂಪು ಗವಸು ಅಂತಾರೆ, ಪರದೆ ಮೇಲೆ ನೋಡಿದ್ರೆ ಕರೀ ಗವಸು. ಪತ್ರಿಕೆಯ ರಕ್ಷಾಪುಟದಲ್ಲಿ ರಕ್ತದ ಹಾಗಿತ್ತು ಕಣಯ್ಯಾ ಅದು. ಜೊತೆಗೆ ಕಥೆಗೆ ಉಸಿರಾಡೋಕೆ ಬಿಡೋದಿಲ್ಲ, ಬರೀ ಹೊಡಿ ಬಡಿ. ಪತ್ರಿಕೇಲಿ ಅವನು ಹೊಡೆಯೋ ಮುಂಚೆ ಒಂದು ನಿಮಿಷ ಯೋಚನೆ ಮಾಡ್ತಾನೆ, ತಲೆ ಮೇಲೆ ಮೋಡದ ಗುಳ್ಳೆ ಬರುತ್ತೆ. ಫಿಲ್ಮಿನಲ್ಲಿ ಯೋಚನೆಯೇ ಇಲ್ಲ."

ಜನ ತಲೆದೂಗಿದರು. ಅಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಕುಟ್ಟಪ್ಪ ಬಿಡಬೇಕಲ್ಲ.

"ಅದೆಲ್ಲ ಸರಿ ಸಾವ್ಕಾರ್ರೆ, ಆ ಕೊನೇ ಫೈಟಿಂಗ್ ಹೇಗಿತ್ತು ನಿಮ್ಮ ಪ್ರಕಾರ?"

ಕೊನೆಯ ಫೈಟಿಂಗಿನ ಹೊತ್ತಿಗೆ ಕಂಬಳಿಯೊಳಗೆ ಶಿವನಾಮ ನಡೆಯುತ್ತಿತ್ತು. ಮರುಳಸಿದ್ದಪ್ಪನವರು ಪೊಟ್ಟಣದ ಕಥೆಯನ್ನೇ ನೆನೆದು ಬಾಯಿಗೆ ಬಂದದ್ದು ಹೇಳಿದರು. "ಪೂರಾ ತಪ್ಪು. ಪತ್ರಿಕೇಲಿ ವೀರ ಎಡಗೈಲಿ, ಬೆನ್ನು ತಿರುಗಿಸಿಕೊಂಡು, ಕಂಕುಳ ಕೆಳಗಿಂದ ಹೊಡೀತಾನೆ. ಫಿಲ್ಮಿನವರಿಗೆ ಆ ಭಂಗಿಯೇ ಗೊತ್ತಿಲ್ಲ."

"ಹಾಗೆ ಹೊಡೆಯೋಕೆ ಆಗುತ್ತಾ ಎಲ್ಲಾದ್ರೂ?"

"ಯಾಕಾಗಲ್ಲ? ತಡಿ, ತೋರಿಸ್ತೀನಿ" ಎಂದು ಒಳಗೆ ಹೋಗಿ ನಾಣಯ್ಯನ ಕೋವಿ ಹಿಡಿದುಕೊಂಡೇ ಬಂದರು.

ಹಿಂದೆಯೇ ಅಡಿಗೆಮನೆಯಿಂದ ಸರ್ವಮಂಗಳ ಕೂಗಿದರು. "ಏನ್ರೀ, ಅದನ್ನ ಯಾಕ್ರೀ ಮುಟ್ಟಿದ್ರಿ? ತೊಂಡೆಕಾಯಿ ಹೆಚ್ಚೋಕೆ ಕೊಟ್ರೆ ಬೆರಳು ಕುಯ್ಕೋತೀರಾ."

"ವಿಮರ್ಶೆಗೆ ಕಣೇ. ನೀನು ಸುಮ್ನಿರು."

ಅಂಗಡಿಯ ಮುಂದೆ ನಿಂತು, ಬೆನ್ನು ತಿರುಗಿಸಿ, ಕೋವಿಯನ್ನು ಕಂಕುಳಿಗೆ ಸಿಕ್ಕಿಸಿ, ಎಡಗೈ ಬೆರಳು ಟ್ರಿಗರಿನ ಕುದುರೆಗೆ ಇಟ್ಟರು. ಇಟ್ಟದ್ದಷ್ಟೇ ಅವರಿಗೆ ನೆನಪು.

ಢಂ.

ಪೇಟೆಯ ಕಾಗೆಗಳೆಲ್ಲ ಎದ್ದವು. ಸಾವ್ಕಾರ್ರು ಕಣ್ಣು ಮುಚ್ಚಿಕೊಂಡು ನಿಂತೇ ಇದ್ದರು. ಕುಟ್ಟಪ್ಪ ಮೆಲ್ಲಗೆ ಹೇಳಿದ: "ಸಾವ್ಕಾರ್ರೆ, ಒಂದು ಹಾರಿತು. ನಿಮ್ಮ ಮನೇಲಿ ಗಂಡು ಮಗು ಹುಟ್ಟಿದ ಹಾಗಾಯ್ತು ಈಗ."

ಹೇಳಿ ಮುಗಿಯಲಿಲ್ಲ, ಗದ್ದೆಯಾಚೆಯ ಗುಡ್ಡದಿಂದ ಹೋ ಎಂದು ಜಯಕಾರ ಬಂತು. ಕಾಫಿ ಹಣ್ಣಿನ ಪಿಕಿಂಗಿಗೆ ಬಂದಿದ್ದ ಆಳುಗಳೆಲ್ಲ ಒಟ್ಟಿಗೆ ಕೂಗಿದ ಸದ್ದು. ಜವರಪ್ಪನವರು ಮೊಮ್ಮಗನಿಗೆ ಕಾದು ಕೂತಿದ್ದವರು, ಬೆಲ್ಲದ ಡಬ್ಬಿ ತೆಗೆಸಿ ಕಣದಲ್ಲಿ ನಿಂತು ಹಂಚಲು ಶುರು ಮಾಡಿಬಿಟ್ಟಿದ್ದರು.

ಮರುಳಸಿದ್ದಪ್ಪನವರು ಕಣ್ಣು ಬಿಟ್ಟು ಗುಡ್ಡದ ಕಡೆ ನೋಡಿದರು. ಇಲ್ಲದ ಮೊಮ್ಮಗನಿಗೆ ಬೆಲ್ಲ ಹಂಚಿದ ಬೀಗರಿಗೆ ಏನಂತ ಉತ್ತರ ಹೇಳೋದು? ಅಷ್ಟರಲ್ಲಿ ಬೆನ್ನ ಹಿಂದೆಯೇ "ಏನ್ರೀ ಅದು?" ಎಂದು ಸರ್ವಮಂಗಳ ಬಂದರು. ಕೋವಿಯ ಸದ್ದಿಗಿಂತ ಆ ದನಿಗೆ ಅವರು ಜಾಸ್ತಿ ಬೆಚ್ಚಿದರು. ಬೆರಳು ಬಿಗಿಯಿತು.

ಢಂ.

ಈ ಸಲ ಗುಡ್ಡದಿಂದ ಯಾವ ಸದ್ದೂ ಬರಲಿಲ್ಲ. ಪೇಟೆಯೂ ಹಾಗೇ ಆಯಿತು, ಎದುರಿನ ಕಮ್ಮಾರ ಸುತ್ತಿಗೆ ಕೆಳಗಿಟ್ಟ. ಕುಟ್ಟಪ್ಪ ಟೋಪಿ ತೆಗೆದು ಕೈಲಿ ಹಿಡಿದ. "ಎರಡಾಯ್ತು" ಎಂದ.

ಒಳಗಿನಿಂದ ಶಿವಮ್ಮ "ಅವ್ವಾ" ಎಂದು ಚೀರಿದಳು. ಸರ್ವಮಂಗಳ ಗಂಡನನ್ನು ಒಂದು ಸಲ ನೋಡಿ, ಏನೂ ಅನ್ನದೆ ಒಳಗೆ ಓಡಿದರು. ಆ ಹೆಂಗಸು ಏನೂ ಅನ್ನದೆ ಹೋದದ್ದು ಅದೇ ಮೊದಲು. ಆಗ ನಿಜವಾದ ಭಯ ಬಂತು ಮರುಳಸಿದ್ದಪ್ಪನವರಿಗೆ. ಟೆಂಟಿನಲ್ಲಿ ಬಂದದ್ದೆಲ್ಲ ಭಯವೇ ಅಲ್ಲ ಅನ್ನಿಸಿತು. ತಾನು ಹಾರಿಸಿದ ಸದ್ದಿಗೆ ಮಗಳಿಗೆ ನೋವು ಬಂದಿದೆ. ಹಾರಿಸಿದ ಲೆಕ್ಕವೋ, ಸಾವಿನ ಲೆಕ್ಕ. ಶಿವನೇ, ಅದು ನಿಜವಾಗದೆ ಇರಲಿ ಎಂದು ಬೆಂಚಿನ ತುದಿಯಲ್ಲಿ ಕುಸಿದರು.

ಜನ ಬರತೊಡಗಿದರು. ಗದ್ದೆಯ ಬದುವಿನ ಮೇಲೆ ಸಾಲಾಗಿ, ಮಾತಿಲ್ಲದೆ, ಮಾಡುತ್ತಿದ್ದ ಕೆಲಸ ಬಿಟ್ಟು ಬಂದವರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ಬಂದರು. ಒಬ್ಬನಂತೂ ಹಾರೆ ಗುದ್ದಲಿ ಹೊತ್ತು ತಂದಿದ್ದ. ಸಾವ್ಕಾರ್ರ ಜನ ಹೂಳುತ್ತಾರೆ ಎಂದು ಗೊತ್ತಿದ್ದ ಮುಂದಾಲೋಚನೆಯವನು. ಬೆಂಚಿನ ಮೇಲೆ ಮರುಳಸಿದ್ದಪ್ಪನವರನ್ನು ಕಂಡು ಅವನಿಗೆ ಗೊಂದಲವಾಯಿತು.

"ನೀವು ಇದ್ದೀರಾ?" ಎಂದ.

"ಇದ್ದೀನಪ್ಪಾ" ಎಂದರು ಸಾವ್ಕಾರ್ರು, ಕ್ಷಮೆ ಕೇಳುವವರ ಹಾಗೆ.

ಬಂದವರಲ್ಲಿ, ಬೆಳಿಗ್ಗೆ ತನ್ನ ಮನೆಗೆ ಹೋಗಿದ್ದ ಸೂಲಗಿತ್ತಿ ಕಾಳಮ್ಮನೂ ಇದ್ದಳು. ಒಳಗಿನ ಕೂಗು ಕೇಳಿದ್ದೇ, ಅಳುವುದನ್ನು ಅಲ್ಲಿಗೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆಮೇಲೆ ಜವರಪ್ಪ ಬಂದರು, ಜೊತೆಗೆ ಅವರ ಮಗ, ಸಾವ್ಕಾರ್ರ ಅಳಿಯ. ಕೊಯ್ಲಾದ ಕೂಳೆಗದ್ದೆಯಲ್ಲಿ ಓಡಿ ಬಿದ್ದು ಅಪ್ಪ ಮಗ ಇಬ್ಬರ ಮೊಣಕಾಲೂ ತರಚಿತ್ತು. ಅಳಿಯನ ಮುಖದಲ್ಲಿ ರಕ್ತವೇ ಇರಲಿಲ್ಲ. ಜವರಪ್ಪನವರ ಮುಷ್ಟಿಯಲ್ಲಿ ಹಂಚಿ ಮಿಕ್ಕಿದ ಬೆಲ್ಲದ ಚೂರು ಹಾಗೇ ಕರಗಿ ಅಂಟಿತ್ತು. ಬೆಂಚಿನ ಮುಂದೆ ಬಂದು ನಿಂತು ಕೇಳಿದರು.

"ಬೀಗರೆ. ಸತ್ತದ್ದು ಯಾರು?"

"ಯಾರೂ ಇಲ್ಲ ಬೀಗರೆ."

ಜವರಪ್ಪ ಉಸಿರು ಬಿಟ್ಟರು. "ಹಾಗಾದ್ರೆ, ಹುಟ್ಟಿದ್ದು?"

"ಅದೂ ಇನ್ನೂ ಇಲ್ಲ."

"ಮತ್ತೆ ಕೋವಿ ಹಾರಿಸಿದ್ದು ಯಾತಕ್ಕೆ?"

ಇಡೀ ಅಂಗಳ ಕಿವಿಗೊಟ್ಟು ನಿಂತಿತ್ತು. ಮರುಳಸಿದ್ದಪ್ಪನವರು ನೆಲ ನೋಡುತ್ತ ಹೇಳಿದರು: "ಫಿಲ್ಮಿನ ದೋಷ ತೋರ್ಸೋಕೆ."

ಜವರಪ್ಪನವರ ಮೀಸೆ ಒಂದು ಸಲ ಅದುರಿತು. ಬೀಗರನ್ನೇ ನೋಡುತ್ತ ಎದುರಿನ ಅಕ್ಕಿಮೂಟೆಯ ಮೇಲೆ ಕೂತರು. ಸಾವಿಗೆ ಬಂದವರು ಯಾರೂ ವಾಪಸ್ಸು ಹೋಗಲಿಲ್ಲ, ಇಷ್ಟು ದೂರ ಬಂದದ್ದಾಯಿತು ಅಂತ ಹುಟ್ಟಿಗೆ ಕಾಯುತ್ತ ಅಂಗಳದಲ್ಲೇ ಕೂತರು. ಗುದ್ದಲಿಯವನು ಗುದ್ದಲಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.

ಒಳಗೆ ಮಗಳು ನರಳಿದಾಗಲೆಲ್ಲ ಮರುಳಸಿದ್ದಪ್ಪನವರ ಎದೆ ಹಾರುತ್ತಿತ್ತು. ನರಳುವುದು ನಿಂತಾಗ ಇನ್ನೂ ಜಾಸ್ತಿ ಹಾರುತ್ತಿತ್ತು. ಕೊನೆಗೆ ತಡೆಯಲಾಗದೆ, ಬೆಂಚಿನ ಮೇಲಿದ್ದ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಕಿವಿಗೆ ಬೆರಳು ಹಾಕಿಕೊಂಡರು. ಶಿವಾ, ನನ್ನ ಮಗಳೊಬ್ಬಳು ಎದ್ದು ಕೂತರೆ ಸಾಕು, ಇನ್ನು ಮೇಲೆ ಫಿಲ್ಮಿನ ಸುದ್ದಿ ಎತ್ತೋದಿಲ್ಲ ಎಂದು ಬೇಡಿಕೊಂಡರು.

ಬಿಸಿಲು ಅಂಗಡಿಯ ಹೊಸ್ತಿಲು ದಾಟುವ ಹೊತ್ತಿಗೆ ಅವರ ಕಿವಿಯ ಪಕ್ಕದಲ್ಲೇ ಢಣಾರ್ ಎಂದಿತು. ಸಾವ್ಕಾರ್ರು ಕಂಬಳಿ ಸಮೇತ ಬೆಂಚಿನ ಕೆಳಗೆ ಹೋದರು.

ಸರ್ವಮಂಗಳ ಕಂಚಿನ ತಟ್ಟೆ, ಸೌಟು ಹಿಡಿದು ನಿಂತಿದ್ದರು. ಅಂಗಳದವರೆಲ್ಲ ಎದ್ದರು. ಕಣ್ಣೊರೆಸುತ್ತಿದ್ದ ಹೆಂಗಸರು ನಕ್ಕರು. ಅಳಿಯ ಬಾಗಿಲಿಗೆ ತಲೆ ಆನಿಸಿ ಮಗುವಿನ ಹಾಗೆ ಅತ್ತ.

"ಹೆದರ್ಬೇಡಿ, ಇದು ತಟ್ಟೆ" ಎಂದರು ಸರ್ವಮಂಗಳ ಬೆಂಚಿನ ಕೆಳಗೆ ಬಗ್ಗಿ. "ಶಿವಮ್ಮ ಚೆನ್ನಾಗಿದಾಳೆ. ಮೊಮ್ಮಗಳು." ಆಮೇಲೆ ಊರಿನವರ ಕಡೆ ತಿರುಗಿ, "ನಿನ್ನೆ ಟೆಂಟಿನಲ್ಲೂ ಹಿಂಗೇ ಇದ್ರು. ಆ ಫಿಲ್ಮಿನಲ್ಲಿ ಇವರು ನೋಡಿದ್ದು ಕಂಬಳಿ ಒಂದೇ" ಎಂದುಬಿಟ್ಟರು.

ಕುಟ್ಟಪ್ಪ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡ. ಅದಕ್ಕೇ ಕುದುರೆ ಓಟ ಚೆನ್ನಾಗಿ ಕೇಳಿಸಿದ್ದು ಎಂದು ಅವನಿಗೆ ಈಗ ಅರ್ಥವಾಯಿತು.

ಕಾಳಮ್ಮ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ತಂದು, ಬೆಂಚಿನ ಕೆಳಗಿಂದ ತೆವಳಿ ಬಂದು ಕೂತ ಸಾವ್ಕಾರ್ರ ಮಡಿಲಿಗೆ ಇಟ್ಟಳು. ಅವರ ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಇದನ್ನಾದ್ರೂ ಕಣ್ಣು ಬಿಟ್ಟು ನೋಡ್ರೀ" ಎಂದರು ಹೆಂಡತಿ.

ನೋಡಿದರು. ಕೂಸು ಮುಷ್ಟಿ ಎತ್ತಿ ಅವರ ಮೂಗಿಗೆ ಒಂದು ಗುದ್ದಿತು. ಮರುಳಸಿದ್ದಪ್ಪನವರ ಕಣ್ಣಲ್ಲಿ ನೀರು ಬಂತು, ಗುದ್ದಿಗಲ್ಲ.

"ಸಾವ್ಕಾರ್ರೆ, ತೀರ್ಪು?" ಎಂದ ಕುಟ್ಟಪ್ಪ. "ಗುಣ ಎಷ್ಟು, ದೋಷ ಎಷ್ಟು?"

"ಗುಣ ಎಲ್ಲಾ ಈ ಕೂಸಿಂದು ಕಣಯ್ಯಾ" ಎಂದರು ಅವರು. "ದೋಷ ಎಲ್ಲಾ ತಾತಂದು."

ಅಕ್ಕಿಮೂಟೆಯ ಮೇಲಿಂದ ಜವರಪ್ಪನವರು ಬೆಳಗಿನಿಂದ ಮೊದಲ ಸಲ ಮೀಸೆ ನೀವಿಕೊಂಡರು.

"ಯಾವ ತಾತ ಅಂತ ಬಿಡಿಸಿ ಹೇಳಿ ಬೀಗರೆ. ಇಲ್ಲಿ ಇಬ್ಬರಿದ್ದೀವಿ."