ಆಡು ಕಳೆದುಕೊಂಡ ಮುದುಕಿಗೆ ಒಂದು ಖಣ

ಮಾನ್ಯ ಓದುಗರಲ್ಲಿ ವಿನಮ್ರವಾಗಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಲೇಖಕನಲ್ಲ. ಭಾಲ್ಕಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಅಧೀಕ್ಷಕನಾಗಿ ನಿವೃತ್ತಿ ಹೊಂದಿದವನು. ಸೇವಾವಧಿಯಲ್ಲಿ ನಾನು ಬರೆದದ್ದೆಲ್ಲವೂ ಉಲ್ಲೇಖದಿಂದ ಆರಂಭವಾಗಿ ಆದೇಶದ ನಿರೀಕ್ಷೆಯಲ್ಲಿ ಮುಗಿಯುತ್ತಿತ್ತು. ಉಲ್ಲೇಖವೇ ಇಲ್ಲದೆ ಬರೆಯಲು ಕುಳಿತಿರುವ ಈ ಹೊತ್ತಿನಲ್ಲಿ ಅಂಗಿ ತೊಡದೆ ಬಜಾರಿಗೆ ಹೊರಟಂತೆ ಸಂಕೋಚವಾಗುತ್ತಿದೆ. ಈ ಶೈಲಿ ನನ್ನನ್ನು ಮನೆಯಲ್ಲಿಯೂ ಬಿಟ್ಟಿಲ್ಲ. ಮದುವೆಯಾದ ಹೊಸತರಲ್ಲಿ ತವರಿಗೆ ಹೋದ ಹೆಂಡತಿಗೆ ವಿರಹದಿಂದಲೇ ಒಂದು ಪತ್ರ ಬರೆದಿದ್ದೆ. ಅದರಲ್ಲಿ 'ತಾವು ಹಿಂದಿರುಗುವ ದಿನಾಂಕವನ್ನು ತುರ್ತಾಗಿ ತಿಳಿಸತಕ್ಕದ್ದು' ಎಂಬ ವಾಕ್ಯವಿತ್ತು. ಆಕೆ ಸಿಕ್ಕಿದ ಬಸ್ಸಿಗೆ ಬಂದುಬಿಟ್ಟಳು. "ತಿಳಿಸತಕ್ಕದ್ದು ಅಂತ ಬರದ ಮ್ಯಾಲ ಅಲ್ಲಿ ಹ್ಯಾಂಗ ಕೂಡ್ಲಿರಿ? ನಮ್ಮಣ್ಣ ನಿಮ್ಮನಿಗಿ ಪೊಲೀಸ್ರು ಬಂದಾರೇನು ಅಂತ ಕೇಳ್ದ" ಅಂದಳು. ಇಂಥ ನಾನು ಮಕ್ಕಳಿಗೆ ಕಲೆಯ ರುಚಿ ತೋರಿಸುವ ಕೆಲಸಕ್ಕೆ ಬಂದದ್ದು ಹೇಗೆ ಎಂಬುದು ವಿವರಣೆಗೆ ಅರ್ಹವಾದ ವಿಷಯವಾಗಿದೆ.

ಬೀದರಿನಲ್ಲಿ ನಮ್ಮದೊಂದು ಸಣ್ಣ ಸಂಸ್ಥೆಯಿದೆ. ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರ ಮಕ್ಕಳನ್ನು, ಭಾಲ್ಕಿ ಮತ್ತು ಔರಾದ ಕಡೆಯ ಕೂಲಿಕಾರರ ಮಕ್ಕಳನ್ನು ಆಗಾಗ ಒಟ್ಟುಗೂಡಿಸಿ ಸಂಗೀತ, ನಾಟಕ, ಚಿತ್ರಕಲೆಗಳನ್ನು ತೋರಿಸುವುದು ಅದರ ಉದ್ದೇಶ. ಕಾರ್ಯದರ್ಶಿಯಾದ ರಿಜ್ವಾನಾ ಅವರು ಶಾಲಾ ಶಿಕ್ಷಕಿ. ಮಕ್ಕಳು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಾರೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರಾದರೂ ನಾನೂ ಆಪಾ ಎಂದೇ ಕರೆಯುತ್ತೇನೆ, ಏಕೆಂದರೆ ಆದೇಶ ಕೊಡುವವರು ಅವರು. ನಾನು ಸೇರಿದ ಹೊಸತರಲ್ಲಿ ಮಕ್ಕಳನ್ನು ಅಷ್ಟೂರಿನ ಬಹಮನಿ ಗೋರಿಗಳಿಗೆ ಕರೆದೊಯ್ದೆವು. ಗುಮ್ಮಟದ ಒಳಗಿನ ಬಣ್ಣದ ಚಿತ್ತಾರವನ್ನು ವಿವರಿಸಲು ನಾನು ಸುದೀರ್ಘ ಟಿಪ್ಪಣಿ ಸಿದ್ಧಪಡಿಸಿಕೊಂಡಿದ್ದೆ. ಪೀಠಿಕೆ ಮುಗಿಯುವ ಮೊದಲೇ ಮಕ್ಕಳು ಕತ್ತೆತ್ತಿ ನೋಡಿ ನೋಡಿ ದಣಿದು, ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ಗದರಿಸಲೆಂದು ಆಪಾ ಅವರನ್ನು ಹುಡುಕಿದರೆ ಅವರೂ ಮಕ್ಕಳ ನಡುವೆ ಮಲಗಿ ಮೇಲೆ ನೋಡುತ್ತಿದ್ದರು. ಕಾಗದ ಹಿಡಿದು ನೆಟ್ಟಗೆ ನಿಂತಿದ್ದವನು ನಾನೊಬ್ಬನೇ.

ಹೀಗಿರುವಲ್ಲಿ, ದೂರದ ನಗರದ ತಂಡವೊಂದು ಬೀದರಿಗೆ ಬಂದು ಮಕ್ಕಳ ನಾಟಕವಾಡುವುದೆಂದು ಗೊತ್ತಾಯಿತು. ರಂಗಮಂದಿರದ ವ್ಯವಸ್ಥಾಪಕರು ನಮ್ಮ ಮಕ್ಕಳಿಗೆ ಮುಂದಿನ ಸಾಲುಗಳನ್ನು ಉಚಿತವಾಗಿ ಬಿಟ್ಟುಕೊಡಲು ಒಪ್ಪಿದರು. ಆದರೆ ಯಾರೂ ಜಾಗ ಬಿಟ್ಟು ಏಳಬಾರದು, ಕೈಯಲ್ಲಿ ಏನೂ ತರಬಾರದು, ಗದ್ದಲವಾದರೆ ಮುಂದೆ ನಮ್ಮ ಮಕ್ಕಳಿಗೆ ಆ ಬಾಗಿಲು ಮುಚ್ಚಿದಂತೆಯೇ ಎಂದು ಸ್ಪಷ್ಟಪಡಿಸಿದರು. ನಾನು ಆಪಾ ಅವರ ಪರವಾಗಿ ಎದೆಯುಬ್ಬಿಸಿ, "ಒಂದು ಸೊಳ್ಳಿ ಸುದಾ ಎದ್ದು ಹಾರಂಗಿಲ್ಲರಿ" ಎಂದು ಮಾತು ಕೊಟ್ಟು ಬಂದೆ.

ನಾಟಕದ ದಿನ ಔರಾದ ಕಡೆಯ ಮಕ್ಕಳನ್ನು ಕರೆತರುವ ಹೊಣೆ ನನ್ನದಾಗಿತ್ತು. ಬಸ್ಸು ಗಡಿಯ ಸಮೀಪದ ಡಾಬಕಾದಿಂದ ಹೊರಟಿತು. ಮಕ್ಕಳು ಹತ್ತುವಾಗಲೇ ಚೀಲ, ಡಬ್ಬಿ, ಶೇಂಗಾ ಪೊಟ್ಟಣಗಳನ್ನೆಲ್ಲ ಪಡೆದು ಹಿಂದಿನ ಸೀಟಿನಲ್ಲಿ ಇರಿಸಿದೆ. ಸುಜಾತಾ ಎಂಬ ಹುಡುಗಿ ಮಾತ್ರ ಎದೆಗೆ ಅವುಚಿಕೊಂಡಿದ್ದ ಕಾಗದದ ಪೊಟ್ಟಣವನ್ನು ಕೊಡಲಿಲ್ಲ. ಆಕೆಯ ಅಜ್ಜಿ ಶೇವಂತಾಬಾಯಿ ಬಸ್ಸಿನ ಬಾಗಿಲಲ್ಲೇ ನಿಂತಿದ್ದರು.

"ಅದು ಇರ್ಲಿರಿ ಸಾಹೇಬ್ರಿ" ಎಂದರು ಅಜ್ಜಿ. "ಖಣ ಅದ. ಆಯೇರಕ್ಕ ಕೊಟ್ಟೀನಿ. ನಮ್ಮ ಮನಿ ಮಂದಿ ಬರಿಗೈಲೆ ಆಟ ನೋಡಿ ಬಂದಿಲ್ಲ."

ಪರ ಜಿಲ್ಲೆಗಳ ಓದುಗರ ಅವಗಾಹನೆಗಾಗಿ ತಿಳಿಸುವುದೇನೆಂದರೆ, ಆಯೇರ ಎಂದರೆ ನಮ್ಮ ಕಡೆ ಮದುವೆ ಮುಂಜಿಗಳಲ್ಲಿ ಬಂಧುಗಳು ಕೊಡುವ ಬಟ್ಟೆಬರೆಯ ಉಡುಗೊರೆ. ಊರಲ್ಲಿ ಬಯಲಾಟ ನಡೆದಾಗಲೂ ಇದುಂಟು. ಪಾತ್ರಧಾರಿ ಮನಸ್ಸು ಕಲಕುವಂತೆ ಆಡಿದರೆ ನೋಡುವವರು ಆಟದ ನಡುವೆಯೇ ಎದ್ದು ಹೋಗಿ ಟವಲನ್ನೋ ರವಿಕೆಯ ಖಣವನ್ನೋ ಕೊಡುತ್ತಾರೆ. ಆಟ ನಿಲ್ಲುತ್ತದೆ. ಕೊಟ್ಟವರ ಹೆಸರನ್ನೂ ಪಾತ್ರದ ಹೆಸರನ್ನೂ ಕೂಗಿ ಹೇಳುತ್ತಾರೆ. ಬಳಿಕ ಆಟ ಮುಂದುವರಿಯುತ್ತದೆ. ಆದರೆ ಇದು ಬಯಲಲ್ಲ, ಮೆತ್ತನೆಯ ಕುರ್ಚಿಗಳ ರಂಗಮಂದಿರ. ಅದನ್ನು ಅಜ್ಜಿಗೆ ವಿವರಿಸುವಷ್ಟರಲ್ಲಿ ಬಸ್ಸು ಹೊರಟಿತು. ದಾರಿಯಲ್ಲಿ ಸುಜಾತಾ ಮುಂದೆ ಬಂದು ನನ್ನ ಪಕ್ಕ ಕುಳಿತಳು.

"ಸರ್, ಇದು ಯಾವಾಗ ಕೊಡ್ಬೇಕರಿ?"

"ನಾಟಕ ಮುಗಿದ ಮ್ಯಾಲ, ಹಿಂದಿನ ಬಾಗಿಲಿಗಿ ಹೋಗಿ ಕೊಡಮ್ಮ. ನಾನೇ ಕರ್ಕೊಂಡ್ ಹೋಗ್ತೇನಿ."

ಹುಡುಗಿ ನನ್ನ ಕಡೆ ತಿರುಗಿದಳು. "ಮುಗಿದ ಮ್ಯಾಲ ಯಾರಿಗಿ ಕೊಡೋದ್ರಿ? ಮುಗಿದ ಮ್ಯಾಲ ಅವ್ರು ಅವ್ರಿರಂಗಿಲ್ಲಲ್ಲರಿ."

ಸೇವಾವಧಿಯಲ್ಲಿ ಎಷ್ಟೋ ಆಕ್ಷೇಪಣೆಗಳಿಗೆ ಸಮಜಾಯಿಷಿ ಬರೆದ ನಾನು, "ಏಳಂಗಿಲ್ಲ ಅಂದ್ರ ಏಳಂಗಿಲ್ಲ" ಎಂದು ವಿಷಯವನ್ನು ಮುಕ್ತಾಯಗೊಳಿಸಿದೆ. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. "ಆಯಿಗಿ ನಾ ಏನ್ ಹೇಳ್ಲಿ" ಎಂದು ಅಜ್ಜಿಯನ್ನು ನೆನೆದು ತನ್ನಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು. ಬೀದರ ಬರುವವರೆಗೂ ಅದೇ ಕೇಳಿಸುತ್ತಿತ್ತು.

ಗಂಜಿನ ಮಕ್ಕಳು, ಭಾಲ್ಕಿಯ ಮಕ್ಕಳು ಆಗಲೇ ಬಂದು ಕುಳಿತಿದ್ದರು. ಕೈಗಳನ್ನು ತೊಡೆಯ ಮೇಲಿರಿಸುವುದು, ಕೆಮ್ಮು ಬಂದಲ್ಲಿ ಅಂಗೈ ಅಡ್ಡ ಹಿಡಿಯುವುದು ಇತ್ಯಾದಿ ಸೂಚನೆಗಳನ್ನು ನಾನು ಮತ್ತೊಮ್ಮೆ ಓದಿದೆ. ಒಂದೇ ಒಂದು ಸಂಗತಿ ಬಿಟ್ಟುಹೋಗಿತ್ತು. ನಾಟಕ ಆರಂಭವಾಗುವ ಮುನ್ನ ದೀಪಗಳನ್ನು ಆರಿಸುತ್ತಾರೆ ಎಂಬುದನ್ನು ನಾನು ಹೇಳಿರಲಿಲ್ಲ. ಕತ್ತಲಾದ ಕೂಡಲೇ "ಲೈಟ್ ಹೋಯ್ತು" ಎಂಬ ಕೂಗಿನೊಂದಿಗೆ ಸಾಲಿಗೆ ಸಾಲೇ ಎದ್ದು, ಮನೆಯಲ್ಲಿ ಕರೆಂಟು ಹೋದಾಗ ಗಾಳಿಗೆ ಹೊರಗೆ ಹೋಗುವಂತೆ, ಶಿಸ್ತಿನಿಂದಲೇ ಬಾಗಿಲ ಕಡೆ ನಡೆಯಿತು. ಆಪಾ ಅಡ್ಡ ನಿಂತು, "ಅರೆ ಬೇಟೆ, ಹೋಗಿಲ್ಲಪಾ, ಅವ್ರೇ ಬಂದ್ ಮಾಡ್ಯಾರ. ಕೂಡ್ರಿ, ಕೂಡ್ರಿ" ಎಂದು ಒಬ್ಬೊಬ್ಬರನ್ನಾಗಿ ತಿರುಗಿಸಿದರು. ಗಂಜಿನ ಹುಡುಗಿಯೊಬ್ಬಳು ಕೂಡುತ್ತ, "ಬಿಲ್ ಉಳಸ್ಲಿಕ್ ಇರ್ಬೇಕು" ಅಂದಳು. ಹಿಂದೆ ಬಾಗಿಲಲ್ಲಿ ವ್ಯವಸ್ಥಾಪಕರು ಕೈಕಟ್ಟಿ ನಿಂತಿದ್ದರು.

ನಾಟಕದಲ್ಲಿ ಒಬ್ಬ ಮುದುಕಿ. ಅವಳಿಗಿದ್ದ ಒಂದೇ ಆಡು ಕಳೆದುಹೋಗಿದೆ. ಅದನ್ನು ಹುಡುಕುತ್ತ ಊರೂರು ಅಲೆಯುತ್ತಾಳೆ. ಯಾರೂ ಬಾಗಿಲು ತೆರೆಯುವುದಿಲ್ಲ. ಪಾತ್ರ ಮಾಡಿದ್ದು ಇಪ್ಪತ್ತೈದರ ಆಸುಪಾಸಿನ ಹುಡುಗಿಯಂತೆ. ಆದರೆ ಆಕೆ ಬೆನ್ನು ಬಾಗಿಸಿ ಕೋಲೂರಿ ಬಂದ ಗಳಿಗೆಯಿಂದ ನಮ್ಮ ಮಕ್ಕಳ ಪಾಲಿಗೆ ಅವಳು ಮುದುಕಿಯೇ. ಆಡು ಒಂದು ಗಿಡದ ಹಿಂದೆ ಇಣುಕಿದಾಗ ಭಾಲ್ಕಿಯ ಸಾಲಿನಿಂದ "ಆಯಿ, ಗಿಡದ ಹಿಂದ ಅದರಿ" ಎಂಬ ಮಾಹಿತಿ ರವಾನೆಯಾಯಿತು. ನಾನು ಶ್ ಎಂದೆ. "ಮತ್ತ ಹೇಳಬ್ಯಾಡೇನ್ರಿ, ಪಾಪ?" ಎಂಬ ಮರುಪ್ರಶ್ನೆ ಬಂತು. ಮುದುಕಿ ಮಳೆಯಲ್ಲಿ ನೆನೆದು, ಹರಿದ ಸೀರೆಯ ಸೆರಗನ್ನು ಒಂದು ಹೆಗಲಿಗೆ ಎಳೆದರೆ ಇನ್ನೊಂದು ಹೆಗಲು ಬಯಲಾಗುವಂತೆ ಪರದಾಡುತ್ತ, ಮುಚ್ಚಿದ ಬಾಗಿಲೊಂದರ ಮುಂದೆ ನಡುಗುತ್ತ ಕುಳಿತಳು. ಮಾತಿಲ್ಲ. ಬರೀ ನಡುಕ.

ನನ್ನ ಪಕ್ಕದಲ್ಲಿ ಕಾಗದ ಸರಸರ ಅಂದಿತು. ಸುಜಾತಾ ಪೊಟ್ಟಣ ಬಿಚ್ಚಿದ್ದಳು. ಎದ್ದಿರಲಿಲ್ಲ. ನನ್ನ ಮಾತನ್ನು ಮೀರದೆ ಕುರ್ಚಿಯ ತುದಿಯಲ್ಲಿ ಕುಳಿತು, ಖಣವನ್ನು ಎರಡೂ ಕೈಗಳಲ್ಲಿ ಹಿಡಿದು, ಕಣ್ಣೀರು ಸುರಿಸುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

"ಸರ್, ಆಕಿಗಿ ಚಳಿ ಆಗ್ಲಿಕತ್ತದರಿ."

ಅನುಮತಿ ಕೋರಲು ಆಪಾ ಕಡೆ ನೋಡಿದೆ. ಅವರು ಸಾಲಿನ ಆ ತುದಿಯಲ್ಲಿದ್ದರು, ದುಪಟ್ಟಾದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬಾಗಿಲ ಕಡೆ ನೋಡಿದೆ. ವ್ಯವಸ್ಥಾಪಕರು ನನ್ನನ್ನೇ ನೋಡುತ್ತಿದ್ದರು. ಮುಂದಿನ ನಾಟಕಗಳೆಲ್ಲ, ಅವುಗಳನ್ನು ನೋಡಬೇಕಾದ ಮಕ್ಕಳೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ; ಈ ಖಣ ಇನ್ನೊಂದರಲ್ಲಿ. ಇಂಥ ಪ್ರಸಂಗಗಳಲ್ಲಿ ಕಡತವನ್ನು ಮೇಲಧಿಕಾರಿಗಳಿಗೆ ಮಂಡಿಸಿ ಚಹಾ ಕುಡಿಯಲು ಹೋಗುವುದು ನನ್ನ ಪದ್ಧತಿ. ಆದರೆ ಕಡತ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮುದುಕಿ ಎದ್ದು ಮುಂದಿನ ಊರಿಗೆ ಹೋಗಿಬಿಡುತ್ತಿದ್ದಳು. ಹೇಗೆ ಎದ್ದೆನೋ ತಿಳಿಯದು. ಸುಜಾತಾಳ ಕೈ ನನ್ನ ಕೈಯಲ್ಲಿತ್ತು, ಮೆಟ್ಟಿಲು ಎಡವಿದ್ದು ನೆನಪಿದೆ, ಆಮೇಲೆ ಕಣ್ಣು ಕುಕ್ಕುವ ಬೆಳಕು.

ಮುದುಕಿ ಬೆಚ್ಚಿ ತಲೆಯೆತ್ತಿದಳು. ಪಾತ್ರ ಬಿಟ್ಟು ಎದ್ದುಬಿಡುತ್ತಾಳೇನೋ ಎಂದು ಹೆದರಿದೆ. ಸುಜಾತಾ ಖಣವನ್ನು ಆಕೆಯ ಮಡಿಲಲ್ಲಿಟ್ಟಳು. ಇಟ್ಟು ಕೆಳಗಿಳಿಯುವುದು ಬಿಟ್ಟು ನನ್ನ ತೋಳು ಜಗ್ಗಿದಳು.

"ಹೆಸರ ಕೂಗ್ರಿ ಸರ್. ಕೂಗದಿದ್ರ ಆಯೇರ ಆಕಿಗಿ ಮುಟ್ಟಂಗಿಲ್ಲ."

ಜೀವಮಾನದಲ್ಲಿ ಮೊದಲ ಬಾರಿಗೆ ರಂಗದ ಮೇಲೆ ನಿಂತಿದ್ದ ನನ್ನ ಬಾಯಿಂದ ಹೊರಟದ್ದನ್ನು ಯಥಾವತ್ತಾಗಿ ದಾಖಲಿಸುತ್ತಿದ್ದೇನೆ: "ಈ ಮೂಲಕ ಸರ್ವರ ಗಮನಕ್ಕೆ ತರಬಯಸುವುದೇನೆಂದರೆ, ಔರಾದ ತಾಲೂಕಿನ ಡಾಬಕಾ ಗ್ರಾಮದ ಶೇವಂತಾಬಾಯಿಯವರು, ತಮ್ಮ ಮೊಮ್ಮಗಳು ಕುಮಾರಿ ಸುಜಾತಾ ಇವರ ಮುಖಾಂತರ, ಆಡು ಕಳೆದುಕೊಂಡ ಮುದುಕಿಗೆ ಒಂದು ಖಣವನ್ನು ಆಯೇರ ಮಾಡಿರುತ್ತಾರೆ. ಸದರಿ ಮುದುಕಿಯು ಇದನ್ನು ಸ್ವೀಕರಿಸಬೇಕಾಗಿ ವಿನಂತಿ."

ಆ ನಟಿ ನನ್ನನ್ನು ನೋಡಲಿಲ್ಲ, ಹುಡುಗಿಯನ್ನು ನೋಡಿದಳು. ಬಾಗಿದ ಬೆನ್ನು ಬಾಗಿದಂತೆಯೇ ಇತ್ತು. ಖಣವನ್ನು ಬಿಡಿಸಿ, ಕಣ್ಣಿಗೊತ್ತಿಕೊಂಡು, ಬಯಲಾಗಿದ್ದ ಹೆಗಲ ಮೇಲೆ ಹೊದ್ದುಕೊಂಡಳು. ನಡುಗುವ ಕೈಯಿಂದ ಸುಜಾತಾಳ ಗಲ್ಲ ಸವರಿ, ಮುದುಕಿಯ ದನಿಯಲ್ಲೇ, "ಈ ಊರಲ್ಲಿ ಒಂದು ಬಾಗಿಲು ತೆರೆಯಿತು ತಾಯಿ" ಎಂದಳು. ಅದು ನಾಟಕದಲ್ಲಿ ಇದ್ದ ಮಾತಲ್ಲವೆಂದು ಆಮೇಲೆ ತಿಳಿಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾವಿಬ್ಬರೂ ಕೆಳಗಿಳಿಯುವಾಗ ಕತ್ತಲೊಳಗಿಂದ ಯಾರೋ, "ಇನ್ನ ಆಡು ಸಿಗ್ತದ ಬಿಡು" ಎಂದು ನಿಟ್ಟುಸಿರು ಬಿಟ್ಟರು. ಕೊನೆಯವರೆಗೂ ಮುದುಕಿ ಆ ಹಸಿರು ಖಣವನ್ನು ಹೆಗಲಿಂದ ತೆಗೆಯಲಿಲ್ಲ.

ನಾಟಕ ಮುಗಿದ ಮೇಲೆ ಕ್ಷಮಾಪಣೆ ಕೇಳಲು ವ್ಯವಸ್ಥಾಪಕರ ಬಳಿ ಹೋದೆ. ತಲೆ ತಗ್ಗಿಸಿ ನಿಂತೆ. ಅವರು ಗಂಟಲು ಸರಿಪಡಿಸಿಕೊಂಡು, "ಮುಂದಿನ ಸಲ ಮೊದಲ ಹೇಳ್ರಿ, ಮೈಕ್ ಕೊಡ್ತೇನಿ. ಹಿಂದ ಸದರಿ ಅನ್ನೋದಷ್ಟ ಕೇಳಸ್ತು" ಎಂದರು. ಪಕ್ಕದಲ್ಲಿದ್ದ ಆಪಾ ನಕ್ಕು ನಕ್ಕು ಕೂಡಲು ಕುರ್ಚಿ ಹುಡುಕಿದರು. ಅಂದಿನಿಂದ ಅವರು ನನ್ನನ್ನು ಸದರಿ ಸಾಹೇಬರು ಎಂದೇ ಕರೆಯುತ್ತಾರೆ.

ಸಂಜೆ ಮಕ್ಕಳನ್ನು ಡಾಬಕಾಕ್ಕೆ ತಲುಪಿಸಿದಾಗ ಸುಜಾತಾ ಬಸ್ಸಿನಿಂದ ಇಳಿಯುವ ಮೊದಲೇ ಅಜ್ಜಿಗೆ ವರದಿ ಆರಂಭಿಸಿದ್ದಳು. ಶೇವಂತಾಬಾಯಿ ತಮ್ಮ ಹೆಸರು ಬೀದರಿನಲ್ಲಿ ಕೂಗಲ್ಪಟ್ಟ ಭಾಗವನ್ನು ಎರಡನೆಯ ಸಲ ಹೇಳಿಸಿ ಕೇಳಿದರು. ಬಳಿಕ ನನ್ನ ಕಡೆ ತಿರುಗಿದರು.

"ಚೊಲೋ ಆಯ್ತರಿ ಸಾಹೇಬ್ರಿ. ಮತ್ತ ನೀವೇನ್ ಕೊಟ್ರಿ?"

"ನಾನು... ಹೆಸರು ಕೂಗಿದ್ನರಿ."

"ಅದು ನಮ್ದಾಯ್ತು. ನಿಮ್ದು ಏನ್ರಿ?"

ಮಾನ್ಯ ಓದುಗರೇ, ಮಕ್ಕಳಿಗೆ ಕಲೆಯ ಅನುಭವ ನೀಡುತ್ತಿರುವವನೆಂಬ ಹೆಮ್ಮೆಯಲ್ಲಿದ್ದ ನನಗೆ, ಆ ಸಭಾಂಗಣದಿಂದ ಪುಕ್ಕಟೆ ಅತ್ತು, ಪುಕ್ಕಟೆ ಎದ್ದು ಬಂದಿದ್ದೇನೆಂದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಬರುವ ತಿಂಗಳು ತೊಗಲುಗೊಂಬೆಯಾಟವಿದೆ. ಅದಕ್ಕೆಂದು ನಿನ್ನೆ ಬಜಾರಿಗೆ ಹೋಗಿ ಒಂದು ಟವಲ್ ಖರೀದಿಸಿದೆ. ಆಯೇರವನ್ನು ಗೊಂಬೆಗೆ ಕೊಡಬೇಕೋ ಗೊಂಬೆ ಆಡಿಸುವವರಿಗೋ ಎಂಬ ಬಗ್ಗೆ ಸ್ಪಷ್ಟೀಕರಣ ಕೋರಿ ಸುಜಾತಾಳಿಗೆ ಫೋನು ಮಾಡಿದೆ. "ಮೊದಲ ನೋಡೋಣರಿ ಸರ್. ಯಾರು ಅಳಸ್ತಾರ, ಅವರಿಗಿ ಕೊಡೋದು" ಎಂದಳು. ಆದೇಶ ಸ್ಪಷ್ಟವಾಗಿದೆ. ಟವಲನ್ನು ಮಾತ್ರ ಸ್ವಲ್ಪ ದೊಡ್ಡದನ್ನೇ ತಂದಿದ್ದೇನೆ. ಕೊಡುವ ಮೊದಲು ಅದರ ಒಂದು ಮೂಲೆ ನನಗೇ ಬೇಕಾದೀತೆಂಬ ಅಂದಾಜಿನ ಮೇರೆಗೆ.