ಯಾರನ್ನೂ ವಾಪಸ್ ಕಳಿಸದ ಡಬ್ಬ

ನಮ್ಮನೆಯವರು ನನ್ನನ್ನು ಕೇಳದೆ ನಿಪ್ಪಟ್ಟಿನ ಡಬ್ಬ ಎತ್ತಿಕೊಂಡು ಹೋದದ್ದು ಇದು ಮೂರನೆಯ ಸಲ. ಮೊದಲನೆಯ ಡಬ್ಬ ಬಟ್ಟೆ ಒಣಗಿದಾಗ ಕೂಗಿ ಹೇಳುವ ಯಂತ್ರವಾಯಿತು. ಎರಡನೆಯದು ಹಾಲು ಉಕ್ಕುವ ಮೊದಲೇ ಒಲೆ ಆರಿಸುವ ಯಂತ್ರವಾಗಿ, ಹಾಲು ಕಾಯುವ ಮೊದಲೇ ಆರಿಸಿತು. ಮೂರನೆಯದು ಅವತ್ತು ಊಟದ ಮೇಜಿನ ಮೇಲೆ, ಕಂಪ್ಯೂಟರಿನ ಎರಡು ಪುಟಾಣಿ ಸ್ಪೀಕರುಗಳ ನಡುವೆ ಮೈತುಂಬ ವಯರು ಸಿಕ್ಕಿಸಿಕೊಂಡು ಕೂತಿತ್ತು.

“ವಿಶಾಲೂ, ಸ್ಪೀಕರ್ ಒಂದೇ ಜೊತೆ. ಆದ್ರೆ ಕಂಪ್ಯೂಟರು, ಮೊಬೈಲು, ಟೇಪ್ ರೆಕಾರ್ಡರು ಮೂರೂ ಇದರಲ್ಲೇ ಹಾಡ್ತವೆ. ಒಂದು ವಯರ್ ಕಿತ್ತು ಇನ್ನೊಂದು ಸಿಗಿಸೋ ಕರ್ಮ ಇವತ್ತಿಗೆ ಮುಗೀತು ನೋಡು!” ಎಂದರು.

ಇದೆಲ್ಲ ನಮ್ಮ ಮಗಳು ಭಾರ್ಗವಿಯ ನಿಶ್ಚಿತಾರ್ಥಕ್ಕಾಗಿ. ಮುಂದಿನ ಭಾನುವಾರ ಮನೆಯಲ್ಲೇ ಇಟ್ಟುಕೊಂಡಿದ್ದೆವು. ನಮ್ಮಲ್ಲಿ ಮನೆಯ ಹಿರಿಯ ಹೆಂಗಸು ಹಸೆಹಾಡು ಹೇಳಿ ಕರೆದ ಮೇಲೆಯೇ ಹುಡುಗಿ ಹಸೆಮಣೆಯ ಮೇಲೆ ಕೂರಬೇಕು. ನಮ್ಮತ್ತೆ ನಂಜಮ್ಮನವರು ಅರಸೀಕೆರೆಯ ಅರ್ಧ ಊರಿನ ಹುಡುಗಿಯರನ್ನು ಹಾಡಿ ಕೂರಿಸಿದವರು. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಪೂರ್ತಿ ಹೋಯಿತು. ಈಗ ಏನಿದ್ದರೂ ಸ್ಲೇಟಿನ ಮೇಲೆ ಬರೆದು ತೋರಿಸುತ್ತಾರೆ. ಭಾರ್ಗವಿ ಮಾತ್ರ ಅಜ್ಜಿ ಹಾಡದೆ ಮಣೆ ಏರುವುದಿಲ್ಲ ಎಂದು ಹಟ ಹಿಡಿದಿದ್ದಳು. ನಾನು ಹಾಡಬಹುದಿತ್ತು. ಆದರೆ ನಾನು ಹಾಡಿದರೆ ಹುಡುಗಿ ಕೂರುವುದಿರಲಿ, ಬೀಗರೇ ಎದ್ದು ಹೋಗುತ್ತಾರೆ.

ಉಳಿದದ್ದು ಒಂದು ಕ್ಯಾಸೆಟ್ಟು. ನನ್ನ ಮದುವೆಯಲ್ಲಿ ಅತ್ತೆ ಹಾಡಿದ್ದು. ಮೂರು ನುಡಿ ಆಗುವಷ್ಟರಲ್ಲಿ ಟೇಪು ಮುಗಿದು ಉಳಿದ ಹಾಡು ಸಿಕ್ಕಿರಲಿಲ್ಲ. ಅದನ್ನೇ ಟೇಪ್ ರೆಕಾರ್ಡರಿನಲ್ಲಿ ಹಾಕಿ, ಹಿಂದೆ ಕಂಪ್ಯೂಟರಿನಿಂದ ನಾದಸ್ವರ ಬಿಟ್ಟು, ಎರಡನ್ನೂ ಸ್ಪೀಕರಿನಲ್ಲಿ ಕೂಡಿಸುವುದು ಇವರ ಯೋಜನೆ. ಸುಳ್ಳೇಕೆ ಹೇಳಲಿ, ಅವತ್ತು ಚೆನ್ನಾಗಿಯೇ ಕೇಳಿಸಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೂ ಡಬ್ಬವನ್ನು ಸುತ್ತ ತಿರುಗಿಸಿ ನೋಡಿ, ಇದನ್ನು ಆರಿಸುವ ಸ್ವಿಚ್ ಎಲ್ಲಿ ಎಂದು ಕೇಳಿದೆ. ಸ್ವಿಚ್ ಇಲ್ಲವಂತೆ. ಇವರು ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿದವರು. ಬಂದ ಫೋನ್ ಕಾಲನ್ನು ವಾಪಸ್ ಕಳಿಸಬಾರದು, ಕರೆಂಟು ಹೋದರೂ ಬ್ಯಾಟರಿಯ ಮೇಲೆ ಲೈನು ನಡೆಯುತ್ತಿರಬೇಕು ಎನ್ನುವುದು ಅವರ ರಕ್ತದಲ್ಲೇ ಇದೆ. ಡಬ್ಬಕ್ಕೂ ಅದನ್ನೇ ಕಲಿಸಿದ್ದರು. ಯಾವ ದನಿ ಹತ್ತಿರ ಬಂದರೂ ಅದು ತಾನಾಗಿ ಕೈಹಿಡಿದು ಒಳಗೆ ಕರೆದುಕೊಳ್ಳುತ್ತದಂತೆ.

ಕರೆದುಕೊಂಡಿತು. ಭಾನುವಾರ ಬೆಳಗ್ಗೆ ನಾದಸ್ವರದ ಜೊತೆ ಎದುರುಮನೆಯ ಟೀವಿಯಿಂದ ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನ ಬಂತು. ಆಮೇಲೆ ರೈಲ್ವೆ ಸ್ಟೇಷನ್ನಿನ ಹೆಂಗಸು ಬಂದು, ಯಾವುದೋ ಗಾಡಿ ಎರಡನೇ ಪ್ಲಾಟ್‌ಫಾರಂಗೆ ಬರುತ್ತಿದೆ ಎಂದು ನಮ್ಮ ನಡುಮನೆಯಲ್ಲಿ ಮೂರು ಭಾಷೆಯಲ್ಲಿ ಹೇಳಿದಳು. ನಾನು ಕೈಲಿದ್ದ ಸೌಟು ಎತ್ತಿಕೊಂಡೇ ಹೋದೆ. ಇವರು ಡಬ್ಬದ ಬೆನ್ನು ಸವರುತ್ತಾ, ವಯರೇ ಇಲ್ಲದೆ ಹಿಡಿಯುತ್ತಿದೆಯಲ್ಲ ಎಂದು ಹಿಗ್ಗುತ್ತಿದ್ದರು.

ಹನ್ನೊಂದಕ್ಕೆ ಬೀಗರು ಬಂದರು. ಹುಡುಗನ ತಂದೆ ಚಂದ್ರಮೌಳಿಯವರಿಗೆ ಕಿವಿ ಮಂದ. ಹೊಸದಾಗಿ ಕಿವಿಯ ಮಿಷನ್ನು ಹಾಕಿಸಿಕೊಂಡಿದ್ದರು. ಎಲ್ಲರಿಗೂ ಕೇಸರಿಬಾತು ಕೊಟ್ಟೆ. ಬೀಗಿತ್ತಿ ಒಂದು ಚಮಚ ಬಾಯಿಗಿಟ್ಟು, ಗಂಡನ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದರು. ಅದು ಸ್ಪೀಕರಿನಿಂದ ನಡುಮನೆಯ ತುಂಬ ಬಂತು.

“ತುಪ್ಪ ಕೈ ಹಿಡಿದು ಹಾಕಿದಾರೆ ಕಣ್ರೀ.”

ಬೀಗಿತ್ತಿಯ ಮುಖ ಕುಂಕುಮದ ಬಣ್ಣವಾಯಿತು. ಚಂದ್ರಮೌಳಿಯವರು ಗಡಿಬಿಡಿಯಲ್ಲಿ ಮಿಷನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಬಾಯಿ ಬಿಗಿಯಾಗಿ ಮುಚ್ಚಿ ಕೂತರು. ಆದರೂ ಸ್ಪೀಕರಿನಲ್ಲಿ ಅವರದೇ ದನಿ ಬರುತ್ತಿತ್ತು: ಇನ್ನೊಂದು ಮೈಸೂರ್‌ಪಾಕ್ ತಗೊಂಡ್ರೆ ಇವಳು ನೋಡಿಬಿಡ್ತಾಳಾ? ಅದರ ಹಿಂದೆಯೇ ಹುಡುಗನ ದನಿ, ಹೊಸ ಅಂಗಿಯ ಚೀಟಿ ಕತ್ತಿಗೆ ಚುಚ್ಚುತ್ತಿದೆ, ಎಲ್ಲರೆದುರು ಹೇಗೆ ಕೆರೆದುಕೊಳ್ಳಲಿ ಎಂದು ಗೋಳಾಡಿತು. ಅವನ ಬಾಯೂ ಮುಚ್ಚಿಯೇ ಇತ್ತು.

“ತಲೆಯೊಳಗೂ ಸಣ್ಣ ಕರೆಂಟೇ ತಾನೆ ಓಡೋದು? ಡಬ್ಬ ಅದನ್ನೂ ಹಿಡೀತಿದೆ ಕಣೇ,” ಎಂದರು ಇವರು. ಖುಷಿಗೆ ದನಿ ನಡುಗುತ್ತಿತ್ತು.

ಅಷ್ಟರಲ್ಲಿ ಸ್ಪೀಕರಿನಿಂದ ನನ್ನ ದನಿ ಬಂತು. ಇವರನ್ನೂ ಇವರ ಡಬ್ಬವನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ಬಾವಿಗಿಳಿಸಬೇಕು ಎಂದಿತು. ಬೀಗರೆದುರು ಗಂಡನಿಗೆ ಹಾಗನ್ನಬಾರದಿತ್ತು. ಆದರೆ ನಾನು ಅಂದದ್ದಲ್ಲವಲ್ಲ, ಅಂದುಕೊಂಡದ್ದು. ಇವರ ಮುಖ ಇಷ್ಟೇ ಇಷ್ಟಾಯಿತು.

ನಾನು ಹೋಗಿ ಗೋಡೆಯಿಂದ ಡಬ್ಬದ ಪ್ಲಗ್ಗು ಕಿತ್ತೆ. ಡಬ್ಬ ನಿಲ್ಲಲಿಲ್ಲ. ಬ್ಯಾಟರಿ ಇದೆಯಲ್ಲ! ಮುಹೂರ್ತ ಮೀರುತ್ತಿತ್ತು. ಮೊದಲು ಕ್ಯಾಸೆಟ್ಟು ಹಾಕಿ ಎಂದೆ. ಇವರು ಗುಂಡಿ ಒತ್ತಿದರು. ಕರಕರ ಎಂದಿತು. ಮುಚ್ಚಳ ತೆಗೆದು ನೋಡಿದರೆ ಟೇಪ್ ರೆಕಾರ್ಡರು ಅತ್ತೆಯ ಹಾಡನ್ನು ಶಾವಿಗೆಯ ಹಾಗೆ ಸುತ್ತಿಕೊಂಡು ತಿಂದುಬಿಟ್ಟಿತ್ತು.

ಭಾರ್ಗವಿ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಹಸೆಮಣೆ ಖಾಲಿ. ಯಾರಾದರೂ ಎರಡು ಸಾಲು ಹಾಡಿಬಿಡಿ ಎಂದು ಬೀಗಿತ್ತಿ ಹೇಳಿದರು, ಒಳ್ಳೆಯ ಮಾತಿನಲ್ಲೇ. ಭಾರ್ಗವಿ ಬೇಡವೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಹರಿದ ಟೇಪು ಕೈಯಲ್ಲಿ ಹಿಡಿದು ಇವರು ಕೂತಿದ್ದರು. ಅಯ್ಯೋ ಪಾಪ ಅನ್ನಿಸಿತು. ಅದೂ ಸ್ಪೀಕರಿನಲ್ಲಿ ಬಂತು.

ಮೂಲೆಯ ಕುರ್ಚಿಯಿಂದ ಅತ್ತೆ ಎದ್ದರು. ಸ್ಲೇಟನ್ನು ಅಲ್ಲೇ ಬಿಟ್ಟು, ಕೋಲೂರಿಕೊಂಡು ಡಬ್ಬದ ಹತ್ತಿರ ಬಂದು, ಅದರ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು.

ಹಾಡು ಶುರುವಾಯಿತು. ತುಟಿ ಅಲುಗಲಿಲ್ಲ. ದನಿ ಮಾತ್ರ ಅವರದೇ, ನನ್ನ ಮದುವೆಯ ದಿನ ಕೇಳಿದ್ದೇ. ಮೊದಲ ನುಡಿಗೆ ಭಾರ್ಗವಿ ಹೊಸ್ತಿಲು ದಾಟಿದಳು. ಮೂರನೆಯದಕ್ಕೆ ಮಣೆಯ ಹತ್ತಿರ ಬಂದಳು. ಅಲ್ಲಿಗೆ ಮುಗಿಯಿತೆಂದುಕೊಂಡೆ. ನಾಲ್ಕನೆಯ ನುಡಿ ಬಂತು, ಐದನೆಯದೂ ಬಂತು. ಕ್ಯಾಸೆಟ್ಟಿಗೆ ಸಿಗದೆ ಹೋದದ್ದೆಲ್ಲ ಬಂತು. ಅವಳು ಕೂತಳು. ಎಷ್ಟೋ ಜನ ಮೂಗೊರೆಸಿಕೊಂಡರು. ಚಂದ್ರಮೌಳಿಯವರು ಜೇಬಿನಿಂದ ಮಿಷನ್ನು ತೆಗೆದು ಮತ್ತೆ ಕಿವಿಗೆ ಹಾಕಿಕೊಂಡರು. ಇವರು ತಮ್ಮ ಅಮ್ಮನ ಕಾಲು ಮುಟ್ಟಿದರು. ಬಾವಿಯ ಮಾತನ್ನು ನಾನು ಮನಸ್ಸಿನಲ್ಲೇ ವಾಪಸ್ ತೆಗೆದುಕೊಂಡೆ.

ಹಾಡು ಮುಗಿಯಿತು. ಅತ್ತೆ ಕಣ್ಣು ತೆರೆದು ಸುತ್ತ ನೋಡಿದರು. ಸ್ಪೀಕರು ಒಮ್ಮೆ ಕೆಮ್ಮಿತು.

“ಬೀಗಿತ್ತಿ ಹೇಳಿದ್ದು ಸರಿ. ವಿಶಾಲೂ, ನಿಂಗೆ ಕೇಸರಿಬಾತಿಗೆ ತುಪ್ಪ ಹಾಕೋದು ಇವತ್ತಿಗೂ ಬರಲಿಲ್ಲ.”

ಮಗಳ ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಡಬ್ಬ ಈಗ ಅತ್ತೆಯ ಮಂಚದ ಪಕ್ಕದಲ್ಲೇ ಇದೆ. ಸ್ಲೇಟು ಅಟ್ಟ ಸೇರಿತು. ಎರಡು ವರ್ಷ ಹೇಳದೆ ಉಳಿಸಿಕೊಂಡದ್ದನ್ನೆಲ್ಲ ಅವರು ಬೆಳಗಿನ ಕಾಫಿಯಿಂದ ಶುರುಮಾಡಿ ಒಂದೊಂದಾಗಿ ಹೇಳುತ್ತಿದ್ದಾರೆ. ನನಗೇನೂ ಬೇಜಾರಿಲ್ಲ, ಅವರ ದನಿ ಮನೆಯಲ್ಲಿ ಕೇಳುತ್ತಿರುವುದೇ ಸಂತೋಷ. ಡಬ್ಬಕ್ಕೆ ಸ್ವಿಚ್ ಇಲ್ಲ ಅಂತ ಆಗಲೇ ಹೇಳಿದೆನಲ್ಲ.